ಬಾಲ ನುಂಗಿದ ಹಗ್ಗ

ನನ್ನ ಬಲದೊಡೆ ಮೇಲೆ ಕೂದಲು ಹುಟ್ಟಲ್ಲ.
ಮೂವತ್ತು ವರ್ಷ ಕತ್ತಾಳೆ ನಾರು ಹೊಸೆದ ಜಾಗ,
ಮುಟ್ಟಿದರೆ ಸಾಣೆಕಲ್ಲು.
ಹಗ್ಗ ಅಂದರೆ ನನಗೆ ಮೊದಲು ವಾಸನೆ:
ಕೆರೆಯಲ್ಲಿ ಕೊಳೆಹಾಕಿದ ಪಟ್ಟೆಯ ಹುಳಿನಾತ,
ಆಮೇಲೆ ಅಂಗೈ ತುಂಬ ತುರಿಕೆ.

ಅವರು ತಂದಿದ್ದಕ್ಕೆ ವಾಸನೆಯೇ ಇರಲಿಲ್ಲ.

ಮಿಡಿಗೇಶಿ ಆಚೆ ಜೋಡಿಬಂಡೆಗೆ ಐದು ಜನ ಬಂದಿದ್ದರು,
ಚೀಲ ಹೊರೋಕೆ ಆಳು ಬೇಕು ಅಂದರು.
ಎಲ್ಲಕ್ಕಿಂತ ಹಗುರದ್ದು ನನ್ನ ತಲೆಗೆ ಬಂತು,
ಕರುಣೆ ಅಂದುಕೊಂಡೆ.
ಮೇಲೆ ಬಿಚ್ಚಿದರೆ ಅದರಲ್ಲೇ ಹಗ್ಗ ಇತ್ತು,
ಕಿರುಬೆರಳ ದಪ್ಪ, ಬೆಳ್ಳಗೆ,
ಇಡೀ ಸುರುಳಿ ಎತ್ತಿದರೆ ಕೋಳಿಮರಿ ಎತ್ತಿದಂಗೆ.

‘ಎಷ್ಟು ತಡೀತೈತೆ ಇದು?’
‘ಕಡ್ಲೇಕಾಯಿ ತುಂಬಿದ ಲಾರಿ ನೇತುಹಾಕಬಹುದಕ್ಕಾ.’
‘ಯಾವ ಗಿಡದ್ದು?’
ತೌಸೀಫ ನಕ್ಕ. ‘ಹಾಲಿನ ಕವರ್ ಇಲ್ವಾ, ಅದರದೇ ವಂಶ.
ಎಳೆದೂ ಎಳೆದೂ ಹಿಂಗಾಗಿದೆ.
ಹಡಗಿನ ಪಟ ಏರಿಸೋಕೆ ಬಳಸ್ತಾರೆ.’
ಹಡಗು! ನಮ್ಮ ಕೆರೆಯಲ್ಲಿ ಎಮ್ಮೆಯೇ ಹಡಗು.

ನಮ್ಮತ್ತೆ ಕಲಿಸಿದ ಗಂಟು ಹಾಕಿ ತೋರಿಸಿದೆ,
ಎರಡೆತ್ತು ಜಗ್ಗಿದರೂ ಬಿಡದ ಗಂಟು.
ಅವನು ಎರಡು ಬೆರಳಲ್ಲಿ ಎಳೆದ.
ಎಣ್ಣೆ ಹಚ್ಚಿದ ಜಡೆಯಂಗೆ ಜಾರಿಹೋಯ್ತು.
‘ಗಂಟು ಆಗಿಬರಲ್ಲ ಇದಕ್ಕೆ.
ನಿಂತರೂ ಅರ್ಧ ಬಲ ಅಲ್ಲೇ ಸಾಯುತ್ತೆ.’
ಮತ್ತೆ ಹೆಂಗೆ ಕಟ್ಟೋದು?
ಕಟ್ಟೋದಲ್ಲ, ನುಂಗಿಸೋದು.
ಹನ್ನೆರಡು ಎಳೆ ಹೆಣೆದಿದ್ದು, ಒಳಗೆ ಟೊಳ್ಳು.
ತುದಿಯನ್ನ ಅದರ ಹೊಟ್ಟೆಗೇ ತೂರಿಸಿ
ಒಂದೂವರೆ ಮೊಳ ಹೂಳಬೇಕು,
ಬರ್ತಾ ಬರ್ತಾ ಸಣ್ಣ, ಇಲಿಬಾಲದಂಗೆ.
ಆಮೇಲೆ ಜಗ್ಗಿದಷ್ಟೂ ಹೊರಗಿನದು ಒಳಗಿನದನ್ನ ತಬ್ಬಿಕೊಳ್ತೈತೆ.

ತೂರಿಸೋ ಸೂಜಿ ಮಾತ್ರ ಕೆಳಗೆ, ಕಾರಿನಲ್ಲಿ.
ಐದೂ ಜನ ಮುಖ ಮುಖ ನೋಡಿಕೊಂಡರು.
ನನ್ನ ಎಲೆಯಡಿಕೆ ಚೀಲದಲ್ಲಿ ಓಬಳಪ್ಪನ ದಬ್ಬಳ ಇತ್ತು,
ಅವನು ಹೋದ ಮೇಲೆ ಗೋಣಿ ಹೊಲಿದಿಲ್ಲ, ಬಿಸಾಕಿಯೂ ಇಲ್ಲ.
ತುದಿಯ ನಾಕೆಳೆ ಪೋಣಿಸಿ, ಟೇಪು ಸುತ್ತಿ,
ತೊಡೆ ಮೇಲೆ ಇಟ್ಕೊಂಡೆ.
ಹುಡುಗ ಹೇಳ್ತಾ ಹೋದ, ನಾನು ಹೂಳ್ತಾ ಹೋದೆ.
ಮೂರು ಸಲ ಬಿಚ್ಚಿಸಿದ.
ನಾಕನೇದಕ್ಕೆ ಬೆರಳಲ್ಲಿ ಸವರಿ ನೋಡಿ
ಸುಮ್ಮನೆ ಹೊಲಿಗೆದಾರ ಕೈಗೆ ಕೊಟ್ಟ.

ನನ್ನ ಕುಣಿಕೆ ಬಂಡೆಯ ಸೊಂಟ ಸುತ್ತಿತು,
ಚೂಪಿದ್ದ ಕಡೆ ಗೋಣಿತಾಟು ಮಡಿಸಿಟ್ಟರು.
ಆಚೆ ಬಂಡೆವರೆಗೂ ಪಟ್ಟಿ, ಗಾಳಿಗೆ ಗುಂಯ್ ಅಂತ.
ನಿಶ್ಮಿತಾ ಅನ್ನೋ ಹುಡುಗಿ ಬರಿಗಾಲಲ್ಲಿ ಎದ್ದು ನಿಂತಳು.
ಎಲ್ಲರೂ ಅವಳ ಪಾದ ನೋಡಿದರು.
ನಾನು ಕುಣಿಕೆ ನೋಡಿದೆ.

ನಡುವಲ್ಲಿ ಬಿದ್ದಳು.
ಸೊಂಟದ ಬಳ್ಳಿಗೆ ಜೋತುಬಿದ್ದು ಬೈಗುಳ ಬೈದಳು,
ಕೆಳಗೆ ಹುಣಸೆಮರ ಒಂದು ಹಿಡಿ ಸೊಪ್ಪು.
ಕುಣಿಕೆ ಕಿರ್ ಅನ್ನಲಿಲ್ಲ.
ಕತ್ತಾಳೆ ಹಗ್ಗ ಭಾರ ಬಿದ್ದರೆ ಗೊಣಗ್ತೈತೆ,
ಸೋಲೋ ಮುಂಚೆ ಎರಡು ಎಳೆ ಕಿತ್ತು ತೋರಿಸ್ತೈತೆ.
ಇದು ಬಾಯೇ ಬಿಡಲಿಲ್ಲ.
ಅವಳು ಮತ್ತೆ ಹತ್ತಿ ಆ ದಡ ಮುಟ್ಟೋವರೆಗೂ
ದಬ್ಬಳ ನನ್ನ ಮುಷ್ಟಿಯಲ್ಲೇ ಇತ್ತು,
ಅಂಗೈ ಚುಚ್ಚಿದ್ದು ಆಮೇಲೆ ಕಂಡೆ.

ಹೋಗುವಾಗ ಕೂಲಿ ಜೊತೆ ಎರಡು ಮಾರು ತುಂಡು ಕೊಟ್ಟರು.
ಕರುವಿಗೆ ಕಣ್ಣಿ ಮಾಡಿದೆ, ನುಂಗಿಸಿಯೇ.
ಸಂಜೆಗೆ ಅದರ ಕತ್ತು ಕೆಂಪಗಿತ್ತು.
ಹಾರಿದಷ್ಟು ಸಲವೂ ಗೋಡೆಗೆ ಹಾದಂಗೆ,
ಒಂದು ಕೂದಲಷ್ಟೂ ಬಿಟ್ಟುಕೊಡದ ಹಗ್ಗ.
ಬಿಚ್ಚಿ, ಬೆಣ್ಣೆ ಸವರಿ,
ಹಳೇ ಕತ್ತಾಳೆ ಕಣ್ಣಿಯನ್ನೇ ಹಾಕಿದೆ.

ಬಿಳೀ ತುಂಡು ನೀರಿನ ತೊಟ್ಟಿಗೆ ಬಿತ್ತು, ಎತ್ತಲಿಲ್ಲ.
ಕರು ಮೂತಿ ಇಟ್ಟಾಗ ಅತ್ತ ಹೋಯ್ತು,
ಕುಡಿದು ಮುಗಿಸಿದಾಗ ಇತ್ತ ಬಂತು.
ಬೆಳಗ್ಗೆ ನೋಡಿದರೆ ಇನ್ನೂ ತೇಲ್ತಾ ಇತ್ತು,
ರಾತ್ರಿಯೆಲ್ಲ ನೀರಲ್ಲಿದ್ದು
ಒಂದು ಹನಿಯೂ ಕುಡಿಯದೆ.